ಮುಪ್ಪಿನ ಸ್ನೇಹವು ಮಗುವಿಗೆ ಆಸರೆಯಾದೀತೇ?

ತಾಯಿಯಿಲ್ಲದ ಮಗುವೊಂದು ನೆರೆಮನೆಯ ವೃದ್ಧರ ಜಗಲಿಯನ್ನು ಹುಡುಕಿಕೊಂಡು ಹೋಗುವುದು ನಮ್ಮ ಹಳ್ಳಿಗಳಲ್ಲಿ ಉಂಟು. ಕಂಡವರು, “ಪಾಪ, ಇಬ್ಬರಿಗೂ ಹೊತ್ತು ಹೋಗುತ್ತದೆ” ಎಂದು ಮುಂದೆ ನಡೆಯುತ್ತಾರೆ. ವಿವೇಕಿಗಳಾದ ಕೆಲವರು ಮಾತ್ರ ಒಂದು ಸಂದೇಹವನ್ನು ಎತ್ತುತ್ತಾರೆ. ಒಮ್ಮೆ ಅಗಲಿಕೆಯ ನೋವನ್ನುಂಡ ಮಗುವನ್ನು, ಇಂದೋ ನಾಳೆಯೋ ಅಗಲತಕ್ಕ ಮುದುಕನು ತನ್ನ ಪ್ರೀತಿಗೆ ಕಟ್ಟಿಕೊಳ್ಳುವುದು ಸರಿಯೇ? ಅದನ್ನು ಎರಡನೆಯ ಸಾರಿ ತಬ್ಬಲಿಯಾಗಿ ಮಾಡಿದಂತಾಗುವುದಿಲ್ಲವೇ? ಈ ಪ್ರಶ್ನೆಯು ಹಗುರವಾದದ್ದಲ್ಲ. ಆದಕಾರಣ ನಿಧಾನವಾಗಿ ಆಲೋಚಿಸೋಣ.

ನಮ್ಮ ಸೀಮೆಯದೇ ಒಂದು ಕಥೆಯುಂಟು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, 2025ರ ಸೆಪ್ಟೆಂಬರ್ 24ರಂದು ತೀರಿಕೊಂಡ ಎಸ್. ಎಲ್. ಭೈರಪ್ಪನವರು ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಿಂದ ಕಳೆದುಕೊಂಡವರು. ಆ ವ್ಯಾಧಿಯು 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಇಲಿ ಬಿತ್ತೆಂದರೆ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು. 1970ರಲ್ಲಿ ಪ್ರಕಟವಾದ ಅವರ ‘ಗೃಹಭಂಗ’ವೆಂಬ ಕಾದಂಬರಿಯಲ್ಲಿ, ಶಾನುಭೋಗರ ಮನೆಯ ನಂಜಮ್ಮನೂ ಆಕೆಯ ಮಕ್ಕಳಲ್ಲಿ ಇಬ್ಬರೂ ಮೃತರಾಗಿ, ವಿಶ್ವನೆಂಬ ಹುಡುಗನೊಬ್ಬನೇ ಉಳಿಯುತ್ತಾನೆ. ತಂದೆಯಿದ್ದರೂ ಆಸರೆಯಿಲ್ಲ. ಕಡೆಗೆ ಅವನ ಕೈ ಹಿಡಿದವರು ಭಿಕ್ಷೆಯಿಂದ ಜೀವಿಸುವ ಮಹಾದೇವಯ್ಯನವರೆಂಬ ವೃದ್ಧ ಜಂಗಮರು. ಅವರು ಹುಡುಗನ ಬಂಧುವಲ್ಲ, ಜಾತಿಯವರೂ ಅಲ್ಲ. ಮನೆಯಿದ್ದವರ ಮನೆಯು ಮುರಿದುಬಿದ್ದಾಗ, ಮನೆಯೇ ಇಲ್ಲದವರು ಮಗುವಿಗೆ ಮನೆಯಾದರು.

ಸಂದೇಹಪಡುವವರಿಗೆ ಇದರಲ್ಲಿಯೇ ಒಂದು ಉತ್ತರವಿದೆ. ಮುದುಕರು ದೂರ ನಿಂತರೆ ಮಗುವಿನ ದುಃಖವು ಕಡಿಮೆಯಾಗುವುದೇ? ಮುಂದೆ ಬರಬಹುದಾದ ದುಃಖವನ್ನು ತಪ್ಪಿಸುವದಕ್ಕಾಗಿ ಈಗಿರುವ ದುಃಖದಲ್ಲಿ ಅದನ್ನು ಒಂಟಿಯಾಗಿ ಬಿಟ್ಟಂತಾಯಿತು. ಮಳೆಗಾಲವು ಮುಗಿಯುವದೆಂದು ಯಾವ ರೈತನೂ ಬಿತ್ತದೆ ಇರುವುದಿಲ್ಲ. ತನ್ನ ಮಾತನ್ನು ಒಬ್ಬರು ಕಿವಿಗೊಟ್ಟು ಕೇಳಿದರು, ತನ್ನ ಬರವನ್ನು ಒಬ್ಬರು ಎದುರುನೋಡಿದರು ಎಂಬ ನೆನಪು ಮಗುವಿನಲ್ಲಿ ಬೇರೂರಿದರೆ, ಬಿತ್ತಿದವನು ಹೋದ ಮೇಲೂ ಅದು ಬೆಳೆಯುವದು.

ಆದರೂ ಆ ಸಂದೇಹದಲ್ಲಿ ಒಂದು ಸತ್ಯವುಂಟು. ತನ್ನ ಒಂಟಿತನವನ್ನು ನೀಗುವದಕ್ಕಾಗಿಯೇ ಮಗುವನ್ನು ಹಿಡಿದಿಟ್ಟುಕೊಳ್ಳುವ ಮುದುಕನು ಅದಕ್ಕೆ ಸ್ನೇಹಿತನಲ್ಲ. ಈ ವಿಷಯದಲ್ಲಿ ಏಲಿಯ ಮಾದರಿಯು ನಮಗೆ ತಿಳಿದದ್ದೇ. ತಾಯಿಯು ಹಾಲು ಬಿಡಿಸಿದ ಮೇಲೆ ಶೀಲೋವಿಗೆ ತಂದುಬಿಟ್ಟ ಬಾಲಕ ಸಮುವೇಲನೂ, ಕಣ್ಣು ಮಬ್ಬಾದ ಆ ವೃದ್ಧ ಯಾಜಕನೂ ಒಂದೇ ಆಲಯದಲ್ಲಿದ್ದರು. ರಾತ್ರಿ ಕರೆಯು ಕೇಳಿಸಿದಾಗಲೆಲ್ಲಾ ಹುಡುಗನು ಏಲಿಯ ಬಳಿಗೆ ಓಡಿಬಂದನು. ಮೂರನೆಯ ಸಾರಿ ಏಲಿಯು ಕರೆದಾತನು ಯಾರೆಂದು ಗ್ರಹಿಸಿ, ಮಗುವನ್ನು ತನ್ನ ಹತ್ತಿರ ಇಟ್ಟುಕೊಳ್ಳದೆ, ಆ ಕರೆಗೆ ಉತ್ತರಕೊಡುವಂತೆ ಕಳುಹಿಸಿದನು. ಬೆಳಿಗ್ಗೆ, ಏನನ್ನೂ ಮರೆಮಾಡಬೇಡವೆಂದು ಒತ್ತಾಯಪಡಿಸಿ, ತನ್ನ ಮನೆತನಕ್ಕೆ ವಿರೋಧವಾದ ಮಾತನ್ನು ಆ ಬಾಲಕನ ಬಾಯಿಂದಲೇ ಕೇಳಿ ಒಪ್ಪಿಕೊಂಡನು. ಸ್ವಂತ ಮಕ್ಕಳನ್ನು ತಿದ್ದಲಾರದೆ ಹೋದ ಏಲಿಯು ಈ ಪರರ ಮಗುವಿಗೆ ಸತ್ಯವನ್ನು ಹೇಳುವ ಧೈರ್ಯವನ್ನು ಕೊಟ್ಟನು. ಮಗುವನ್ನು ಕಟ್ಟಿಹಾಕದೆ ಮುಂದಕ್ಕೆ ಕಳುಹಿಸುವ ಪ್ರೀತಿಯೇ ಮುಪ್ಪಿಗೆ ಒಪ್ಪುವ ಪ್ರೀತಿ.

ಹೀಗಿರುವಲ್ಲಿ ಉಳಿದ ನಮ್ಮ ಕರ್ತವ್ಯವೇನು? ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ಸುತ್ತಣ ಊರುಗಳಿಂದ ಎಷ್ಟೋ ಮಂದಿ ತಾಯಿತಂದೆಗಳು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾರೆ. ಊರಿನಲ್ಲಿ ಅಜ್ಜಿಯರೂ ಮೊಮ್ಮಕ್ಕಳೂ ಉಳಿದಿದ್ದಾರೆ. 2007ರ ಕಾನೂನಿನ ಪ್ರಕಾರ ವೃದ್ಧರು ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. 2009ರ ಕಾನೂನಿನ ಪ್ರಕಾರ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕುಂಟು. ಆದರೆ ಸಂಜೆ ಹೊತ್ತು ಪಕ್ಕದಲ್ಲಿ ಕೂತು ಮಾತಾಡುವವರನ್ನು ಯಾವ ಕಾನೂನೂ ಒದಗಿಸಲಾರದು.

ಆದದರಿಂದ ಹಿರಿಯರೇ, ನಿಮ್ಮ ಜಗಲಿಗೆ ಬಂದ ಮಗುವನ್ನು ಅಂಜದೆ ಕೂರಿಸಿಕೊಳ್ಳಿರಿ; ಜೊತೆಗೆ ಶಾಲೆಯ ಉಪಾಧ್ಯಾಯರನ್ನೂ ನೆರೆಯ ಸಂಸಾರಗಳನ್ನೂ ಅದಕ್ಕೆ ಪರಿಚಯ ಮಾಡಿಸಿರಿ. ನೆರೆಯವರೇ, ಅವರಿಬ್ಬರನ್ನೂ ನಿಮ್ಮ ಮನೆಯ ಊಟಕ್ಕೆ ಈಗಲೇ ಕರೆಯಿರಿ. ಜಗಲಿಯು ಬರಿದಾಗುವ ದಿನ ಆ ಮಗುವು ಅಳುವದು ನಿಶ್ಚಯ. ಅಂದು ಅದು ಹೋಗಿ ಅಳುವದಕ್ಕೆ ಇನ್ನೊಂದು ಬಾಗಿಲು ತೆರೆದಿರಬೇಕು.