ಸಿಹಿಯ ತ್ಯಾಗ ಮತ್ತು ರಸಪರಿತ್ಯಾಗದ ಮರ್ಮ

ಅನಾದಿಕಾಲದಿಂದ ಸಂಸಾರದಲ್ಲಿ ಪರಿಭ್ರಮಿಸುತ್ತಿರುವ ಜೀವನು ಪಂಚೇಂದ್ರಿಯಗಳಿಗೆ ವಶನಾಗಿ ಕರ್ಮಬಂಧವನ್ನು ಬೆಳೆಸಿಕೊಳ್ಳುತ್ತ ಬಂದಿದ್ದಾನೆ. ಆ ಐದರಲ್ಲಿ ರಸನೇಂದ್ರಿಯವನ್ನು ಗೆಲ್ಲುವುದು ಅತ್ಯಂತ ದುಷ್ಕರವಾದುದು. ಕೆಟ್ಟ ನೋಟ ಎದುರಾದರೆ ಕಣ್ಣನ್ನು ಮುಚ್ಚಬಹುದು. ಕೆಟ್ಟ ಮಾತು ಕೇಳಿಬಂದರೆ ಅಲ್ಲಿಂದ ಎದ್ದು ಹೋಗಬಹುದು. ಆದರೆ ದೇಹವಿರುವತನಕ ಅದಕ್ಕೆ ಆಹಾರವನ್ನು ಕೊಡದೆ ವಿಧಿಯಿಲ್ಲ; ಕೊಡುವ ಆಹಾರವಾದರೋ ನಾಲಿಗೆಯನ್ನು ದಾಟಿಯೇ ಹೋಗಬೇಕು. ಹೀಗೆ ದಿನವೂ ಮನೆಯೊಳಗೇ ಕೂರಿಸಿ ಉಣಬಡಿಸಬೇಕಾದ ವೈರಿಯೊಡನೆ ಯುದ್ಧ ಮಾಡುವುದು ಹೇಗೆಂಬುದೇ ಶ್ರಾವಕನ ಮುಂದಿರುವ ಪ್ರಶ್ನೆ.

ಮಲೆನಾಡಿನ ಶ್ರಾವಕ ಕುಟುಂಬಗಳಿಗೆ ಈ ಪ್ರಶ್ನೆ ಹೆಚ್ಚು ಹತ್ತಿರದ್ದು. ಸಾಗರ ಸೀಮೆಯಲ್ಲಿ ಚಳಿಗಾಲ ಕಳೆಯುತ್ತಿರುವಂತೆ ಆಲೆಮನೆಗಳ ಕಾಲ ಬರುತ್ತದೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಪರಿಮಳ ದಾರಿಹೋಕರನ್ನೂ ತಡೆದು ನಿಲ್ಲಿಸುತ್ತದೆ. ಬೋರಲು ಹಾಕಿದ ಮಡಕೆಯ ಮೇಲೆ ಅಕ್ಕಿಹಿಟ್ಟು ಮತ್ತು ಕಬ್ಬಿನ ಹಾಲಿನ ತೆಳುವಾದ ಹಿಟ್ಟನ್ನು ಬಳಿದು, ಕಾಗದದಂತೆ ಎಬ್ಬಿಸಿ ಮಡಚಿದ ತೊಡೆದೇವು ಎಳೆಯರಿಗೂ ಮುದುಕರಿಗೂ ಪ್ರಿಯ. ಹೊಸನಗರ, ತೀರ್ಥಹಳ್ಳಿಗಳ ಅಡಕೆ ತೋಟದ ಮನೆಗಳಲ್ಲಿ ದೋಸೆಗೆ ಜೋನಿಬೆಲ್ಲವಿಲ್ಲದೆ ಬೆಳಗಾಗುವುದಿಲ್ಲ. ಇದೇ ಕಾಡಿನಲ್ಲಿ ಜೇನೂ ಹೇರಳ. ಆದರೆ ಜೇನುತುಪ್ಪವನ್ನು ಬಿಟ್ಟೆನೆಂದು ಯಾವ ಜೈನನೂ ಹೆಮ್ಮೆಪಡಬೇಕಾಗಿಲ್ಲ. ಅಸಂಖ್ಯ ಜೀವಗಳ ಘಾತದಿಂದ ದೊರೆಯುವ ಮಧುವಿನ ತ್ಯಾಗವು ಮದ್ಯಮಾಂಸಗಳ ತ್ಯಾಗದೊಡನೆ ಶ್ರಾವಕನ ಮೂಲಗುಣಗಳಲ್ಲಿಯೇ ಸೇರಿದೆ. ಅದು ಮನೆಯ ಅಡಿಪಾಯವಿದ್ದಂತೆ. ನಿರ್ದೋಷವಾದ, ಕುಲಾಚಾರಕ್ಕೆ ಒಪ್ಪಿದ, ಮನಸ್ಸಿಗೆ ಪ್ರಿಯವಾದ ಸಿಹಿಯನ್ನು ತಾನಾಗಿ ಬಿಡುವಲ್ಲಿಂದ ರಸಪರಿತ್ಯಾಗದ ವಿಚಾರ ಆರಂಭವಾಗುತ್ತದೆ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ಆರು ಬಾಹ್ಯತಪಗಳಲ್ಲಿ ರಸಪರಿತ್ಯಾಗವು ನಾಲ್ಕನೆಯದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ ಸಕ್ಕರೆ ಮೊದಲಾದ ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನಾಗಲಿ, ಕೆಲವನ್ನಾಗಲಿ, ಎಲ್ಲವನ್ನಾಗಲಿ ಬಿಡುವುದೇ ಈ ತಪ. ಇಂದ್ರಿಯಗಳ ಸೊಕ್ಕು ಅಡಗಬೇಕು, ನಿದ್ರೆಯ ಜಾಡ್ಯ ತೊಲಗಬೇಕು, ಸ್ವಾಧ್ಯಾಯವು ಸುಖವಾಗಿ ಸಾಗಬೇಕು ಎಂಬುದೇ ಇದರ ಪ್ರಯೋಜನವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ದೇಹವನ್ನು ಒಣಗಿಸುವುದಾಗಲಿ, ಜನರ ಮೆಚ್ಚುಗೆಯನ್ನು ಗಳಿಸುವುದಾಗಲಿ ಅಲ್ಲಿ ಹೇಳಲ್ಪಟ್ಟಿಲ್ಲ. ಈ ತಪವು ಮುನಿಗಳಲ್ಲಿ ಪೂರ್ಣವಾಗಿ ಕಾಣುವುದಾದರೂ ಗೃಹಸ್ಥನು ತನ್ನ ಶಕ್ತಿಗನುಸಾರವಾಗಿ ಇದನ್ನು ಅಭ್ಯಾಸ ಮಾಡಬಹುದು. ವಾರದ ಒಂದೊಂದು ದಿನ ಒಂದೊಂದು ರಸವನ್ನು ಬಿಡುವ ರೂಢಿ ಅನೇಕ ದಿಗಂಬರ ಕುಟುಂಬಗಳಲ್ಲಿ ನಡೆದುಬಂದಿದೆ.

ಆದರೆ ಒಂದೇ ಸಿಹಿಯನ್ನು ಮೂವರು ಬಿಟ್ಟರೂ ಮೂವರಿಗೂ ಒಂದೇ ಫಲವಿಲ್ಲ. ಒಬ್ಬನು ಹರಕೆಯಿಂದ ಬಿಡುತ್ತಾನೆ, ಇನ್ನೊಬ್ಬನು ಪಂಥಕ್ಕಾಗಿ ಬಿಡುತ್ತಾನೆ, ಮತ್ತೊಬ್ಬನು ವ್ರತವೆಂದು ಬಿಡುತ್ತಾನೆ. ಎಲೆಯ ಮೇಲೆ ನೋಡಿದರೆ ಮೂರೂ ಒಂದೇ; ಪರಿಣಾಮಗಳನ್ನು ಪರಿಶೀಲಿಸಿದರೆ ಭೇದವು ಸ್ಪಷ್ಟವಾಗುವುದು.

ಹೊಸನಗರ ತಾಲ್ಲೂಕಿನ ಹೊಂಬುಜಕ್ಕೆ, ಅಂದರೆ ಹುಂಚಕ್ಕೆ, ನಾಡಿನ ನಾನಾ ಕಡೆಗಳಿಂದ ಭಕ್ತರು ಬರುತ್ತಾರೆ. ಭಗವಾನ್ ಪಾರ್ಶ್ವನಾಥರ ಶಾಸನದೇವಿಯಾದ ಪದ್ಮಾವತಿಯ ಸನ್ನಿಧಿಯಲ್ಲಿ ಹೂವಿನ ಪ್ರಸಾದಕ್ಕಾಗಿ ಕಾದು ನಿಲ್ಲುವವರ ಮನಸ್ಸಿನಲ್ಲಿ ಒಂದೊಂದು ಭಾರವಿರುತ್ತದೆ: ಮಗಳಿಗೆ ಸಂಬಂಧ ಕೂಡಿಬಂದಿಲ್ಲ, ಮಗನಿಗೆ ಉದ್ಯೋಗವಿಲ್ಲ, ಈ ಮಳೆಗಾಲ ಅಡಕೆಗೆ ಕೊಳೆರೋಗ ತಗಲದಿದ್ದರೆ ಸಾಕು. “ಇದೊಂದು ಆಗುವತನಕ ಸಿಹಿ ಮುಟ್ಟುವುದಿಲ್ಲಮ್ಮಾ” ಎಂದು ತಾಯಿಯೊಬ್ಬಳು ಮನಸ್ಸಿನಲ್ಲಿಯೇ ಹೇಳಿಕೊಂಡರೆ ಆಕೆಯ ಭಕ್ತಿಯನ್ನೂ ಮಕ್ಕಳ ಮೇಲಿನ ಮಮತೆಯನ್ನೂ ಯಾರೂ ಹಗುರವಾಗಿ ಕಾಣಬಾರದು. ಆದರೂ ವಿಚಾರ ಮಾಡಬೇಕು. ವ್ರತಿಯಾದವನು ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನಾಗಿರಬೇಕೆಂದು ಸೂತ್ರಕಾರರು ಹೇಳಿದ್ದಾರೆ. ಮುಂದೆ ಇಂಥ ಫಲ ದೊರೆಯಲೆಂದು ಬಯಸಿ ತಪವನ್ನು ಮಾರುವುದೇ ನಿದಾನ. ಚರ್ಮದೊಳಗೆ ಮುರಿದುಳಿದ ಮುಳ್ಳು ಮೇಲೆ ಕಾಣದಿದ್ದರೂ ನಡೆದಾಗಲೆಲ್ಲ ನೋಯಿಸುವಂತೆ, ನಿದಾನವು ವ್ರತದೊಳಗಿದ್ದು ಅದನ್ನು ಕೆಡಿಸುತ್ತದೆ. ಕೆಲಸ ಕೈಗೂಡಿದ ದಿನ ಆ ತಾಯಿಯ ತ್ಯಾಗ ಮುಗಿಯಿತು. ಕೈಗೂಡದಿದ್ದರೆ ಆಕೆಗೆ ದೇವಿಯ ಮೇಲೆಯೇ ಮುನಿಸು ಹುಟ್ಟೀತು. ಆದುದರಿಂದ ಪ್ರಾರ್ಥನೆಯು ಪ್ರಾರ್ಥನೆಯಾಗಿರಲಿ, ತ್ಯಾಗವು ತ್ಯಾಗವಾಗಿರಲಿ. ಒಂದನ್ನು ಇನ್ನೊಂದರ ಬೆಲೆಯಾಗಿ ತೂಗಬಾರದು. ಫಲವು ತನ್ನ ಶುಭಾಶುಭ ಕರ್ಮಗಳ ಉದಯವನ್ನು ಅನುಸರಿಸುವುದೆಂಬ ಶ್ರದ್ಧೆಯುಳ್ಳವಳು ಅದೇ ಸಿಹಿಯನ್ನು ಯಾವ ಬೇಡಿಕೆಯೂ ಇಲ್ಲದೆ ಬಿಟ್ಟರೆ ಆಕೆಗೆ ನಷ್ಟವೇನೂ ಇಲ್ಲ.

ಎರಡನೆಯದು ಪಂಥ. “ಒಂದು ವರ್ಷ ಜಾಮೂನು ಮುಟ್ಟುವುದಿಲ್ಲ, ನೋಡುತ್ತಿರು” ಎಂದು ತರುಣರು ಗೆಳೆಯರ ಮುಂದೆ ಸವಾಲು ಹಾಕುವುದುಂಟು. ಇಂಥವರಲ್ಲಿ ಮನೋಬಲವಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಪಂಥದಲ್ಲಿ ಗೆದ್ದವನು ಯಾರು? ನಾಲಿಗೆಯ ಆಸೆಯನ್ನು ಮಾನಕಷಾಯಕ್ಕೆ ಆಹುತಿ ಕೊಟ್ಟಂತಾಯಿತು. ಸಣ್ಣ ಕಳ್ಳನನ್ನು ಓಡಿಸಲು ದೊಡ್ಡ ಕಳ್ಳನನ್ನು ಮನೆಗೆ ಕರೆದಂತಾಯಿತು. ನೋಡುವವರಿಲ್ಲದ ಊರಿಗೆ ಹೋದಾಗ ಪಂಥವು ಸಡಿಲವಾಗುತ್ತದೆ. ವ್ರತಕ್ಕೆ ನೋಡುವವರು ಬೇಕಾಗಿಲ್ಲ.

ಹಾಗಾದರೆ ವ್ರತವೆಂದರೇನು? ಯೋಗ್ಯವಾದ ವಿಷಯದಿಂದಲೂ ಬುದ್ಧಿಪೂರ್ವಕವಾದ ಸಂಕಲ್ಪದಿಂದ ವಿರಮಿಸುವುದೇ ವ್ರತವೆಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಅಭಿಪ್ರಾಯ. ಆಜನ್ಮಪರ್ಯಂತದ ತ್ಯಾಗಕ್ಕೆ ಯಮವೆಂದೂ, ಕಾಲದ ಮಿತಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಅವರು ಹೆಸರಿಟ್ಟಿದ್ದಾರೆ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, 2 ಮಾಸಗಳ ಋತು, 6 ಮಾಸಗಳ ಅಯನ ಎಂದು ಕಾಲವನ್ನು ನಿಶ್ಚಯಿಸಿಕೊಂಡು ಭೋಗೋಪಭೋಗಗಳನ್ನು ಮಿತಗೊಳಿಸಬಹುದೆಂದು ಗೃಹಸ್ಥನಿಗೆ ಎಷ್ಟು ಕರುಣೆಯಿಂದ ದಾರಿ ತೋರಿಸಿದ್ದಾರೆ! ಬೆಲ್ಲ ಮನೆಯಲ್ಲಿ ಮುಗಿದಿದ್ದರಿಂದ ಒಂದು ವಾರ ತಿನ್ನದವನಿಗೆ ವ್ರತದ ಫಲವಿಲ್ಲ. ಅಟ್ಟದ ತುಂಬ ಬೆಲ್ಲವಿದ್ದೂ ಒಂದು ದಿನ ಸಂಕಲ್ಪಿಸಿ ಬಿಟ್ಟವನಿಗೆ ಉಂಟು. ಸಕ್ಕರೆಕಾಯಿಲೆಗೆ ವೈದ್ಯರು ಸಿಹಿಯನ್ನು ನಿಷೇಧಿಸಿದರೆ, ದೇಹಕ್ಕೆ ಅಹಿತವಾದುದನ್ನು ಬಿಡಬೇಕೆಂಬುದೂ ಶಾಸ್ತ್ರಸಮ್ಮತವೇ ಆಗಿದೆ. ಗೊಣಗುತ್ತ ಬಿಟ್ಟರೆ ಅದು ರೋಗದ ಬಲಾತ್ಕಾರ. ಅದನ್ನೇ ಗುರುಸಾಕ್ಷಿಯಾಗಿ ಸಂಕಲ್ಪಿಸಿ ಬಿಟ್ಟರೆ ವ್ರತವಾಗುತ್ತದೆ.

ಸಂಕಲ್ಪದ ಶಕ್ತಿ ಎಷ್ಟೆಂಬುದಕ್ಕೆ ಉತ್ತರಪುರಾಣದ ಖದಿರಸಾರನ ವೃತ್ತಾಂತವು ಸಾಕ್ಷಿ. ವಿಂಧ್ಯಾಟವಿಯ ಬೇಡನಾದ ಖದಿರಸಾರನಿಗೆ ಸಮಾಧಿಗುಪ್ತ ಮುನಿಗಳು ಮಾಂಸತ್ಯಾಗವನ್ನು ಬೋಧಿಸಿದಾಗ ಅದು ತನ್ನಿಂದಾಗದೆಂದು ಅವನು ಹಿಂಜರಿದನು. ಕಡೆಗೆ ಕಾಗೆಯ ಮಾಂಸವೊಂದನ್ನಾದರೂ ಬಿಡೆಂದು ಮುನಿಗಳು ಹೇಳಲು ಅಷ್ಟಕ್ಕೆ ಒಪ್ಪಿದನು. ಕಾಲಾಂತರದಲ್ಲಿ ಅವನಿಗೆ ಕಠಿಣವಾದ ವ್ಯಾಧಿ ತಗಲಿತು. ಕಾಗೆಯ ಮಾಂಸವೇ ಔಷಧವೆಂದು ವೈದ್ಯನು ವಿಧಿಸಿದನು. ಬಂಧುಗಳು ಎಷ್ಟು ಒತ್ತಾಯಿಸಿದರೂ ಅವನು ಪ್ರಾಣ ಹೋದರೂ ವ್ರತವನ್ನು ಬಿಡಲೊಪ್ಪಲಿಲ್ಲ. ಅಂತ್ಯಕಾಲದಲ್ಲಿ ಶ್ರಾವಕವ್ರತಗಳನ್ನೂ ಸ್ವೀಕರಿಸಿ ದೇವಗತಿಯನ್ನು ಪಡೆದನು. ಆ ಜೀವವೇ ಮುಂದೆ ಮಗಧದ ಶ್ರೇಣಿಕ ಮಹಾರಾಜನಾಗಿ ಭಗವಾನ್ ಮಹಾವೀರರ ಸಮವಸರಣದಲ್ಲಿ ಕುಳಿತಿತು. ಬಿಟ್ಟ ವಸ್ತು ಅಲ್ಪ. ಹಿಡಿದ ನಿಷ್ಠೆ ಅಲ್ಪವಾಗಿರಲಿಲ್ಲ.

ಇದಕ್ಕೆ ವಿರುದ್ಧವಾದುದು ಸುಭೌಮನ ಕಥೆ. ಅವನು ಎಂಟನೆಯ ಚಕ್ರವರ್ತಿ, ಷಟ್‌ಖಂಡಾಧಿಪತಿ. ಕಥಾಕೋಶದ ಪರಂಪರೆಯಂತೆ, ಬಿಸಿ ಪಾಯಸವನ್ನು ಬಡಿಸಿದನೆಂಬ ಕೋಪದಿಂದ ಅದನ್ನೇ ಅಡಿಗೆಯವನ ಮೇಲೆ ಸುರಿದು ಅವನ ಮರಣಕ್ಕೆ ಕಾರಣನಾದನು. ಸತ್ತು ವ್ಯಂತರನಾದ ಅಡಿಗೆಯವನು ತಾಪಸವೇಷದಿಂದ ಬಂದು ಅಪೂರ್ವವಾದ ಹಣ್ಣುಗಳನ್ನು ಅರ್ಪಿಸಿದನು. ಆ ರುಚಿಗೆ ಮರುಳಾದ ಚಕ್ರವರ್ತಿಯು ಇನ್ನಷ್ಟು ಹಣ್ಣು ಬೇಕೆಂದು ಅವನ ಹಿಂದೆ ಸಮುದ್ರಮಧ್ಯಕ್ಕೆ ಹೋಗಿ ಅಲ್ಲಿ ನಾಶವಾಗಿ ನರಕಗತಿಗೆ ಇಳಿದನು. ಆರು ಖಂಡಗಳನ್ನು ಗೆದ್ದವನಿಗೆ ತನ್ನ ಬಾಯೊಳಗಿನ ತುಂಡು ಮಾಂಸವನ್ನು ಗೆಲ್ಲಲಾಗಲಿಲ್ಲ.

ಸಂಕಲ್ಪ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಭೋಗೋಪಭೋಗ ಪರಿಮಾಣ ವ್ರತಕ್ಕೆ ಸಮಂತಭದ್ರರು ಹೇಳಿದ ಐದು ಅತಿಚಾರಗಳನ್ನು ಪ್ರತಿಯೊಂದು ಮನೆಯವರೂ ಮನನ ಮಾಡಬೇಕು. ವಿಷಸಮಾನವಾದ ವಿಷಯಗಳಲ್ಲಿ ಆದರವನ್ನು ಉಳಿಸಿಕೊಳ್ಳುವುದು, ಹಿಂದೆ ಅನುಭವಿಸಿದುದನ್ನು ಮತ್ತೆ ಮತ್ತೆ ನೆನೆಯುವುದು, ಈಗಿನ ಭೋಗದಲ್ಲಿ ಅತಿ ಲೋಲುಪತೆ, ಮುಂದಿನದಕ್ಕೆ ಅತಿ ತೃಷ್ಣೆ, ಮಿತಿಮೀರಿದ ಅನುಭವ ಇವೇ ಆ ದೋಷಗಳು. ನೆನಪಿಗೂ ದೋಷವೆಂಬ ಹೆಸರಿದೆ ಎಂಬುದನ್ನು ಗಮನಿಸಬೇಕು. ದಶಲಕ್ಷಣ ಪರ್ವದ 10 ದಿನ ಸಿಹಿಯನ್ನು ಬಿಟ್ಟು, ಹನ್ನೊಂದನೆಯ ದಿನ ಯಾವ ಹೋಳಿಗೆ, ಎಷ್ಟು ಪಾಯಸ ಎಂದು ಐದನೆಯ ದಿನದಿಂದಲೇ ಲೆಕ್ಕ ಹಾಕುವವನು ಆ 10 ದಿನವೂ ಮನಸ್ಸಿನಲ್ಲಿ ಸಿಹಿಯನ್ನೇ ಉಂಡನು. ಬೆಲ್ಲವನ್ನು ಬಿಟ್ಟೆನೆಂದು ಸಕ್ಕರೆಯ ಉಂಡೆಗೆ ಕೈಹಾಕುವವನು, ಹೋಳಿಗೆಯನ್ನು ಬಿಟ್ಟೆನೆಂದು ಹಲ್ವದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುವವನು ವ್ರತದ ಅಕ್ಷರವನ್ನು ಉಳಿಸಿ ಅರ್ಥವನ್ನು ಕಳೆದನು. ಪಾರಣೆಯು ವ್ರತದ ಕೊನೆಯ ಪರೀಕ್ಷೆ. ಮೊದಲಿನಷ್ಟೇ ತಿಂದರೂ ಮೊದಲಿನ ಆತುರ ಇಲ್ಲವಾಗಿದ್ದರೆ ವ್ರತ ಸಾರ್ಥಕವಾಯಿತು.

ಬಿಟ್ಟುದನ್ನು ಹೇಗೆ ನಡೆಸಿಕೊಳ್ಳಬೇಕೆಂಬುದರಲ್ಲಿಯೂ ವಿನಯ ಬೇಕು. ನೆರೆಯವರ ಮನೆಯ ಹಬ್ಬದಲ್ಲಿ “ಸ್ವಲ್ಪ ಹಾಕಿಸಿಕೊಳ್ಳಿ ಮಾರಾಯ್ರೇ” ಎಂದು ಮನೆಯಾಕೆ ಒತ್ತಾಯಿಸಿದಾಗ, “ಬೇಡಮ್ಮಾ, ಊಟ ತೃಪ್ತಿಯಾಯಿತು” ಎಂಬ ಮೆಲುಮಾತೇ ಸಾಕು. ತನ್ನ ವ್ರತದ ವರ್ಣನೆಯಿಂದ ಪಂಕ್ತಿಯವರ ಊಟವನ್ನು ಕಹಿಮಾಡುವುದು ಸಲ್ಲದು. ಈ ವಿಷಯದಲ್ಲಿ ಶ್ರಾವಿಕೆಯರನ್ನು ಕಂಡು ಪುರುಷರು ಕಲಿಯಬೇಕಾದುದು ಬಹಳವಿದೆ. ತಾನು ಸಿಹಿಯನ್ನು ಬಿಟ್ಟಿದ್ದರೂ ಮನೆಮಂದಿಗಾಗಿ ಹೂರಣ ರುಬ್ಬಿ, ರುಚಿ ನೋಡದೆಯೇ ಹದವರಿತು, ನಗುಮುಖದಿಂದ ಬಡಿಸುವ ಗೃಹಿಣಿಯ ತಪವು ಅಡಿಗೆಮನೆಯ ಹೊಗೆಯಲ್ಲಿ ಯಾರಿಗೂ ಕಾಣದೆ ನಡೆದುಹೋಗುತ್ತದೆ.

ತನಗೆ ಬೇಡವೆಂದುದು ಇನ್ನೊಬ್ಬರ ಎಲೆಗೆ ಸೇರಿದಾಗ ತ್ಯಾಗವು ಪೂರ್ಣವಾಗುವುದು. ದಶಧರ್ಮಗಳಲ್ಲಿ ಉತ್ತಮತ್ಯಾಗದ ದಿನ ಚತುರ್ವಿಧ ದಾನವನ್ನು ವಿವರಿಸುವುದು ಇದೇ ಕಾರಣದಿಂದ. ಹೊಂಬುಜದ ಪಂಚಕೂಟ ಬಸದಿಯು ಈ ಪಾಠವನ್ನು ಕಲ್ಲಿನಲ್ಲಿ ಹೇಳುತ್ತಿದೆ. ಊರ್ವೀತಿಲಕವೆಂದು ಹೆಸರಾದ ಆ ಜಿನಾಲಯವನ್ನು 1077ರಲ್ಲಿ ಕಟ್ಟಿಸಿದ ಚಟ್ಟಲದೇವಿಯು ತನ್ನವರನ್ನು ಕಳೆದುಕೊಂಡ ದುಃಖವನ್ನು ಅನುಭವಿಸಿದವಳು. ಆಕೆ ಬಸದಿಗಳೊಡನೆ ಕೆರೆ, ಬಾವಿ, ಸತ್ರಗಳನ್ನೂ ಮಾಡಿಸಿದಳೆಂದು ಶಾಸನವು ಕೊಂಡಾಡುತ್ತದೆ. ಒಂದು ತಿಂಗಳು ಸಿಹಿಯನ್ನು ಬಿಟ್ಟ ಮನೆಯವರು ಉಳಿದ ಬೆಲ್ಲವನ್ನು ಡಬ್ಬದಲ್ಲಿ ಮುಂದಿನ ತಿಂಗಳಿಗೆ ಕಾದಿರಿಸದೆ ಆಹಾರದಾನಕ್ಕೆ ಕೊಟ್ಟರೆ ಆ ಪರಂಪರೆಯ ಒಂದು ಎಳೆಯನ್ನು ಹಿಡಿದಂತಾಗುವುದು.

ರಸತ್ಯಾಗವು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಈ ಕಾಲದಲ್ಲಿಯೇ ನಿದರ್ಶನವಿದೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಜನಿಸಿ, 1968ರಲ್ಲಿ ಅಜ್ಮೀರದಲ್ಲಿ ಮುನಿದೀಕ್ಷೆಯನ್ನು ಪಡೆದ ಆಚಾರ್ಯ ವಿದ್ಯಾಸಾಗರ ಮಹಾರಾಜರು ಉಪ್ಪನ್ನೂ ಸಿಹಿಯನ್ನೂ ಆಜೀವನ ತ್ಯಜಿಸಿದ್ದರು. ದಿನಕ್ಕೊಮ್ಮೆ ನಿಂತು ಕರಪಾತ್ರದಲ್ಲಿ ಸ್ವೀಕರಿಸುವ ಆಹಾರದಲ್ಲಿಯೂ ರುಚಿಗೆ ಎಡೆಯಿರಲಿಲ್ಲ. 2024ರ ಫೆಬ್ರವರಿಯಲ್ಲಿ ಛತ್ತೀಸಗಢದ ಡೋಂಗರಗಢದಲ್ಲಿ ಅವರು ಸಲ್ಲೇಖನಾಪೂರ್ವಕವಾಗಿ ದೇಹವನ್ನು ಬಿಟ್ಟರು. ಸಲ್ಲೇಖನೆಯ ಕ್ರಮವನ್ನು ನೋಡಿದರೆ ಅಲ್ಲಿಯೂ ಮೊದಲು ಘನಾಹಾರ, ಬಳಿಕ ಹಾಲು ಮೊದಲಾದ ಸ್ನಿಗ್ಧ ಪಾನಗಳು, ಅನಂತರ ಉಳಿದ ಪಾನಗಳು, ಕೊನೆಗೆ ನೀರು ಎಂದು ಮೆಟ್ಟಿಲು ಮೆಟ್ಟಿಲಾಗಿ ಬಿಡುವ ವಿಧಿಯಿದೆ. ಎಂದೂ ಏನನ್ನೂ ಬಿಟ್ಟು ಅಭ್ಯಾಸವಿಲ್ಲದ ಜೀವಕ್ಕೆ ಎಲ್ಲವನ್ನೂ ಬಿಡಬೇಕಾದ ಆ ದಿನ ಬರಿಯ ಭಯವಾಗಿರುತ್ತದೆ. ವರ್ಷಕ್ಕೆ ಕೆಲವು ದಿನ ಒಂದು ತುಂಡು ಬೆಲ್ಲವನ್ನಾದರೂ ಸಮಾಧಾನದಿಂದ ಬಿಡಲು ಕಲಿತವನಿಗೆ ಆ ದಾರಿಯ ಮೊದಲ ಹೆಜ್ಜೆ ಪರಿಚಿತವಾಗಿರುತ್ತದೆ.

ಆದುದರಿಂದ ಗೃಹಸ್ಥನು ತನ್ನ ಶಕ್ತಿಯನ್ನು ಮರೆಮಾಡದೆ, ಶಕ್ತಿಯನ್ನು ಮೀರದೆ, ಅತ್ಯಂತ ಪ್ರಿಯವಾದ ಒಂದು ಸಿಹಿಯನ್ನು ಆರಿಸಿಕೊಳ್ಳಲಿ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಅನಂತನಾಥ ಬಸದಿಯಲ್ಲಾಗಲಿ, ತನ್ನ ಊರಿನ ಜಿನಾಲಯದಲ್ಲಾಗಲಿ, ದೇವಶಾಸ್ತ್ರಗುರುಗಳ ಸಾಕ್ಷಿಯಾಗಿ ಕಾಲದ ಮಿತಿಯನ್ನು ನಿಶ್ಚಯಿಸಿ ನಿಯಮವನ್ನು ತೆಗೆದುಕೊಳ್ಳಲಿ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತಚತುರ್ದಶಿಯವರೆಗಿನ 10 ದಿನಗಳಾದರೂ ಸಾಕು. ಆಸೆ ತಲೆಯೆತ್ತಿದಾಗ ಅದರೊಡನೆ ಜಗಳವಾಡದೆ ಪಂಚನಮಸ್ಕಾರವನ್ನು ಸ್ಮರಿಸಲಿ. ತಪ್ಪಿದರೆ ಪ್ರಾಯಶ್ಚಿತ್ತವನ್ನು ಮಾಡಿಕೊಂಡು ಮುಂದುವರಿಯಲಿ. ಅವಧಿ ಮುಗಿದ ಮೇಲೆ ಬೆಲ್ಲವು ಅಲ್ಲಿಯೇ ಇರುತ್ತದೆ, ಅದರ ಸಿಹಿಯೂ ಕಡಿಮೆಯಾಗಿರುವುದಿಲ್ಲ. ಅದಿಲ್ಲದೆಯೂ ತಾನು ಸುಖಿಯಾಗಿರಬಲ್ಲೆನೆಂಬ ಅರಿವು ಮಾತ್ರ ಹೊಸದಾಗಿ ಉದಯಿಸಿರುತ್ತದೆ. ಈ ಅರಿವು ಭವ್ಯಜೀವಿಗಳೆಲ್ಲರಿಗೂ ಲಭಿಸಲಿ, ಅವರ ಆತ್ಮಕಲ್ಯಾಣವಾಗಲಿ.