ಹಿತಾಸಕ್ತಿಯ ಆಯುಸ್ಸು

ಬಂಗಾರಪೇಟೆಗೆ ಮೊದಲು ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಬ್ರಿಟಿಷರ ಪರವಾಗಿ ಮೈಸೂರನ್ನು ಆಳಿದ ಕಮಿಷನರ್ ಲೂಯಿನ್ ಬೌರಿಂಗ್ ಅವರ ಹೆಸರು ಅದು. ಅಲ್ಲಿಂದ ಕವಲೊಡೆದು ಮಾರಿಕುಪ್ಪಂಗೆ ಹೋಗುವ ರೈಲುಹಾದಿಯ ಮಗ್ಗುಲಲ್ಲಿ, ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರಿನ ರಾಬರ್ಟ್‌ಸನ್‌ಪೇಟೆ ಇದೆ. ಒಬ್ಬರ ಹೆಸರು ಹೋಯಿತು, ಇನ್ನೊಬ್ಬರದು ಉಳಿಯಿತು. ಪಂಪನ ಆದಿಪುರಾಣದಲ್ಲಿ ದಿಗ್ವಿಜಯ ಮುಗಿಸಿದ ಭರತ ಚಕ್ರವರ್ತಿ ತನ್ನ ಹೆಸರು ಕೆತ್ತಿಸಲು ವೃಷಭಾಚಲಕ್ಕೆ ಬರುತ್ತಾನೆ. ನೋಡಿದರೆ ಬೆಟ್ಟದ ಮೈತುಂಬ ಹಿಂದಿನ ಚಕ್ರವರ್ತಿಗಳ ಹೆಸರು, ಒಂದಿಷ್ಟೂ ಜಾಗವಿಲ್ಲ. ಅವನ ಗರ್ವ ಇಳಿಯುತ್ತದೆ. ಆಮೇಲೆ ಯಾರದೋ ಹೆಸರನ್ನು ಅಳಿಸಿ ತನ್ನದನ್ನು ಬರೆಯುತ್ತಾನೆ. ಅನಿತ್ಯವನ್ನು ಕಣ್ಣಾರೆ ಕಂಡ ಮೇಲೂ ಕೈ ನಿಲ್ಲಲಿಲ್ಲ. ದೊಡ್ಡ ರಾಷ್ಟ್ರಗಳ ವಿದೇಶಾಂಗ ನೀತಿಯನ್ನು ಯೋಚಿಸುವಾಗಲೆಲ್ಲ ನನಗೆ ಈ ಪ್ರಸಂಗ ಎದುರು ಬಂದು ನಿಲ್ಲುತ್ತದೆ.

ರಾಷ್ಟ್ರಹಿತ ಗಟ್ಟಿ ವಸ್ತು, ನೀತಿ ಬರೀ ಗಾಳಿ ಎಂದು ನಂಬುವವರ ಪರಂಪರೆ ದೊಡ್ಡದು. ಇಂಗ್ಲೆಂಡಿಗೆ ಶಾಶ್ವತ ಮಿತ್ರರಿಲ್ಲ, ಶಾಶ್ವತ ಶತ್ರುಗಳಿಲ್ಲ, ಹಿತಾಸಕ್ತಿಗಳು ಮಾತ್ರ ಶಾಶ್ವತ ಎಂಬ ಅರ್ಥದ ಮಾತನ್ನು ಬ್ರಿಟನ್ನಿನ ವಿದೇಶಾಂಗ ಸಚಿವ ಪಾಮರ್‌ಸ್ಟನ್ 1848ರಲ್ಲಿ ಪಾರ್ಲಿಮೆಂಟಿನಲ್ಲಿ ಆಡಿದರು. ಇಂದಿಗೂ ರಾಜತಾಂತ್ರಿಕರು ಅದನ್ನು ವೇದವಾಕ್ಯದಂತೆ ಒಪ್ಪಿಸುತ್ತಾರೆ. ಆ ಮಾತನ್ನು ಒರೆಗೆ ಹಚ್ಚಿ ನೋಡಲು ರಾಬರ್ಟ್‌ಸನ್‌ಪೇಟೆ ಇರುವ ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

1881ರ ಮಾರ್ಚ್ 25ರಂದು ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿತು. ಐವತ್ತು ವರ್ಷದ ಬ್ರಿಟಿಷ್ ಆಡಳಿತ ಮುಗಿದು ನ್ಯಾಯ ಗೆದ್ದಿತೆಂದು ಜನ ಸಂಭ್ರಮಿಸಿದರು, ಆ ಸಂಭ್ರಮ ಸುಳ್ಳಲ್ಲ. ಆದರೆ 1857ರ ದಂಗೆಯ ನಂತರ ನಿಷ್ಠಾವಂತ ರಾಜರನ್ನು ಉಳಿಸಿಕೊಳ್ಳುವುದು ಸಾಮ್ರಾಜ್ಯಕ್ಕೂ ಬೇಕಾಗಿತ್ತು. ರಾಜ್ಯ ಮರಳಿಸಿದ ಅದೇ ಒಪ್ಪಂದ ವಾರ್ಷಿಕ ಕಪ್ಪವನ್ನು 24.5 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸಿತು. ಭೀಕರ ಕ್ಷಾಮದಿಂದ ಆಗಷ್ಟೇ ಎದ್ದ ನಾಡೆಂದು ಆ ಹೆಚ್ಚಳವನ್ನು ಮುಂದೂಡಿದರು, ಕೈಬಿಡಲಿಲ್ಲ. ಅದೇ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗೆ ಕೈಹಾಕಿತ್ತು. ಚಿನ್ನ ಹಡಗೇರಿ ಲಂಡನ್ನಿಗೆ ಹೋಯಿತು, ಲಾಭಾಂಶ ಅಲ್ಲಿನ ಷೇರುದಾರರಿಗೆ ಸಂದಿತು, ಮೈಸೂರಿಗೆ ರಾಯಧನ ಸಿಕ್ಕಿತು. ಅತ್ತ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನ ಚಿನ್ನದ ನಾಡನ್ನು ಹಿಡಿಯಲು ಬ್ರಿಟನ್ ಬೋಯರ್ ಯುದ್ಧ ಮಾಡಿತು, ಹೆಂಗಸರು ಮಕ್ಕಳನ್ನು ಶಿಬಿರಗಳಲ್ಲಿ ಕೂಡಿಹಾಕಿತು. 1902ರ ಮೇ 31ರಂದು ಆ ಯುದ್ಧ ಮುಗಿಯಿತು. ಮರುತಿಂಗಳು, ಜೂನ್ 30ರಂದು, ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಹರಿದು ಕೋಲಾರದ ಗಣಿಗೆ ಬಂತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷದ ಬಳಿಕ. ಇಲ್ಲಿ ಯುದ್ಧದ ಅಗತ್ಯವೇ ಬೀಳಲಿಲ್ಲ, ರೆಸಿಡೆಂಟ್ ಇದ್ದರೆ ಸಾಕಾಗಿತ್ತು.

ಆ ಚಿನ್ನದ ಮೇಲೆ ನಿಂತಿದ್ದ ಪೌಂಡು ಸಾಮ್ರಾಜ್ಯದ ಬೆನ್ನೆಲುಬೆಂದು ಎಲ್ಲರೂ ನಂಬಿದ್ದರು. 1930ರಲ್ಲಿ ಗಣಿಯ ಆಡಳಿತ ಕಾರ್ಮಿಕರ ಬೆರಳಚ್ಚು ತೆಗೆಯಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತ ಕುಟುಂಬಗಳವರೇ ಅವರಲ್ಲಿ ಹೆಚ್ಚು. ಭೂಮಿಯ ಒಡಲಿಗೆ ಇಳಿದು ಚಿನ್ನ ತೆಗೆದವರನ್ನು ಕಳ್ಳರಂತೆ ಗುರುತು ಹಾಕಿಕೊಳ್ಳಬೇಕಾಯಿತೆ ಎಂದು ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಮರುವರ್ಷ, 1931ರ ಸೆಪ್ಟೆಂಬರಿನಲ್ಲಿ, ಬ್ರಿಟನ್ ಪೌಂಡಿಗೂ ಚಿನ್ನಕ್ಕೂ ಇದ್ದ ನಂಟನ್ನೇ ಕಡಿದುಕೊಂಡಿತು. ಶಾಶ್ವತ ಹಿತ ಎಂದಿದ್ದು ಒಂದು ವಾರಾಂತ್ಯದಲ್ಲಿ ಮುಗಿಯಿತು. ಗಣಿ ಮಾತ್ರ ನಿಲ್ಲಲಿಲ್ಲ. ಚಿನ್ನದ ಬೆಲೆ ಏರಿತು, ಶಾಫ್ಟುಗಳು ಇನ್ನೂ ಆಳಕ್ಕೆ ಇಳಿದವು.

1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ಕೊನೆಯ ಗಂಟನ್ನು ಬಿಚ್ಚಿದರು. ಆ ತಿಂಗಳುಗಳಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಸೇನೆ ಜನರನ್ನು ಕೊಲ್ಲುತ್ತಿತ್ತು. ಢಾಕಾದಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಏಪ್ರಿಲ್‌ನಲ್ಲೇ ತಮ್ಮ ಸರ್ಕಾರದ ಮೌನವನ್ನು ಖಂಡಿಸುವ ಸಂದೇಶವನ್ನು ವಾಷಿಂಗ್ಟನ್ನಿಗೆ ಕಳಿಸಿದ್ದರು. ಅವರನ್ನು ಅಲ್ಲಿಂದ ಎತ್ತಂಗಡಿ ಮಾಡಿದರು. ನಿಕ್ಸನ್ ಅವರ ಸಲಹೆಗಾರ ಕಿಸಿಂಜರ್ ಗುಟ್ಟಾಗಿ ಬೀಜಿಂಗ್ ತಲುಪಲು ಪಾಕಿಸ್ತಾನದ ದಾರಿ ಬೇಕಾಗಿತ್ತು, ಚೀನಾದ ಸ್ನೇಹ ಸೋವಿಯತ್ ಒಕ್ಕೂಟವನ್ನು ಕಟ್ಟಿಹಾಕಲು ಬೇಕಾಗಿತ್ತು. ಇಪ್ಪತ್ತು ವರ್ಷದಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಇಂದು ಅಮೆರಿಕಕ್ಕೆ ಚೀನಾವೇ ದೊಡ್ಡ ಎದುರಾಳಿ. ಯಾವ ಹಿತಕ್ಕಾಗಿ ಕಣ್ಣು ಮುಚ್ಚಿದರೋ ಆ ಹಿತ ಸತ್ತುಹೋಗಿದೆ. ಸತ್ತ ಬಂಗಾಳಿಗಳು ಎದ್ದು ಬರಲಿಲ್ಲ.

ಇದನ್ನು ಪರರ ಪಾಪವೆಂದಷ್ಟೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಕೋಲಾರದ ಗಣಿ ಮೈಸೂರು ಸರ್ಕಾರದ ವಶಕ್ಕೆ ಬಂದ 1956ರಲ್ಲೇ, ಸೂಯೆಜ್ ಮೇಲಿನ ದಾಳಿಯನ್ನು ದಿಟ್ಟವಾಗಿ ಖಂಡಿಸಿದ ಭಾರತ ಹಂಗೇರಿಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದಾಗ ದನಿ ತಗ್ಗಿಸಿತು. ಅದಕ್ಕೂ ಕಾರಣಗಳಿದ್ದವು. ಕಾರಣಗಳು ಯಾವಾಗಲೂ ಇರುತ್ತವೆ.

ಆಳುವವನು ತನ್ನ ಆತ್ಮಶುದ್ಧಿಗಾಗಿ ಪ್ರಜೆಗಳನ್ನು ಬಲಿಕೊಡುವಂತಿಲ್ಲ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅವನ ಕೈಯಲ್ಲಿರುವುದು ಇತರರ ಬದುಕು, ಸ್ವಂತದ್ದಾದರೆ ತ್ಯಾಗ ಸುಲಭ. ಆದರೆ ಲೆಕ್ಕದ ಹೆಸರಿನಲ್ಲಿ ಮಾಡಿದ್ದನ್ನು ಲೆಕ್ಕದಲ್ಲೇ ನೋಡಬೇಕು. ಜೈನರು ಮತ್ತೆ ಮತ್ತೆ ಚಿಂತಿಸಬೇಕೆನ್ನುವ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ. ಎಲ್ಲವೂ ಅಳಿಯುವುದರಿಂದ ಏನು ಮಾಡಿದರೂ ನಡೆಯುತ್ತದೆ ಎಂದು ಅದರಿಂದ ಅರ್ಥ ತೆಗೆಯುವವರಿದ್ದಾರೆ. ಆದರೆ ಅದೇ ಸಾಲಿನಲ್ಲಿ ಮುಂದೆ ಆಸ್ರವ ಬರುತ್ತದೆ: ಮನಸ್ಸು, ಮಾತು, ಮೈಗಳ ಕ್ರಿಯೆಯಿಂದ ಕರ್ಮ ಒಳಗೆ ಹರಿಯುತ್ತದೆ. ಜೈನರಿಗೆ ಕರ್ಮ ಬರೀ ಭಾವನೆಯಲ್ಲ, ಜೀವಕ್ಕೆ ಅಂಟುವ ಸೂಕ್ಷ್ಮ ದ್ರವ್ಯ. ಬಯಸಿದ ವಸ್ತು ಕೈಜಾರಿ ಹೋಗುತ್ತದೆ, ಬಯಸಿ ಮಾಡಿದ್ದು ಅಂಟಿಕೊಂಡು ಉಳಿಯುತ್ತದೆ.

ಕೆಜಿಎಫ್‌ನಲ್ಲಿ ಇದು ತತ್ವವಾಗಿ ಉಳಿದಿಲ್ಲ, ಎದೆಯೊಳಗೆ ಇದೆ. ಬೆಣಚುಕಲ್ಲು ಕೊರೆದ ದೂಳು ಪುಪ್ಪುಸದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ, ಮತ್ತೆ ಹೊರಬರುವುದಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. ಅದು ಯಾವ ತಿಜೋರಿಯಲ್ಲಿದೆ, ಯಾರ ಕೊರಳಲ್ಲಿದೆ ಎಂದು ಕಂಡುಹಿಡಿಯಲು ಸಾಧ್ಯವೇ ಇಲ್ಲ. ಕಲ್ಲಿನ ಪುಡಿ ಮಾತ್ರ ಊರಿನ ಮಗ್ಗುಲಲ್ಲೇ ಸೈನೈಡ್ ದಿಬ್ಬಗಳಾಗಿ ಬಿದ್ದಿದೆ. ಬೇಸಗೆಯ ಗಾಳಿಗೆ ಎದ್ದು ಕಾರ್ಮಿಕರ ಲೈನ್ ಮನೆಗಳೊಳಗೆ ಬರುತ್ತದೆ. ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ಈಗ ನೀರು ನಿಂತಿದೆ.

1991ರಲ್ಲಿ ದೇಶದ ಬೊಕ್ಕಸ ಬರಿದಾದಾಗ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಅಡವಿಗಾಗಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಹೋಯಿತು. ಆಗ ಚಿನ್ನ ದೇಶದ ಮಾನ ಉಳಿಸಿತು. ಹತ್ತು ವರ್ಷದಲ್ಲಿ, 2001ರ ಫೆಬ್ರುವರಿ 28ರಂದು, ನಷ್ಟವೆಂದು ಗಣಿಗೆ ಬೀಗ ಬಿತ್ತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ನುಗ್ಗಿದಾಗ ಪಾಶ್ಚಾತ್ಯ ದೇಶಗಳು ರಷ್ಯಾದ ಸುಮಾರು 300 ಶತಕೋಟಿ ಡಾಲರ್ ಮೀಸಲನ್ನು ತಡೆಹಿಡಿದವು. ಪರರ ಬ್ಯಾಂಕಿನಲ್ಲಿಟ್ಟ ಹಣ ಭದ್ರವಲ್ಲವೆಂದು ಎಷ್ಟೋ ದೇಶಗಳಿಗೆ ಅನಿಸಿತು. ಮುಂದಿನ ವರ್ಷಗಳಲ್ಲಿ ಜಗತ್ತಿನ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ ಸಾವಿರ ಟನ್ನಿಗೂ ಮೀರಿ ಚಿನ್ನ ಕೊಂಡವು. 2024ರಲ್ಲಿ ಭಾರತ ಬ್ರಿಟನ್ನಿನಲ್ಲಿದ್ದ ತನ್ನ 100 ಟನ್ ಚಿನ್ನವನ್ನು ಮನೆಗೆ ತಂದುಕೊಂಡಿತು. ಅದೇ ವರ್ಷ ಕೆಜಿಎಫ್ ದಿಬ್ಬಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಯೋಜನೆಗೆ ರಾಜ್ಯ ಸಂಪುಟ ಸಮ್ಮತಿಸಿತು.

ಆ ದಿಬ್ಬಗಳಿಗೆ ಯಂತ್ರ ಏರುವ ಮೊದಲು ಸುತ್ತಲಿನ ಲೈನುಗಳ ಪ್ರತಿ ಮನೆಯವರ ಎದೆಯ ಪರೀಕ್ಷೆ ಆಗಬೇಕು. ಕೆದಕಿದ ಪುಡಿ ಗಾಳಿಗೆ ಏಳದಂತೆ, ಮಳೆಗೆ ಕೆರೆ ಸೇರದಂತೆ ಏನು ಏರ್ಪಾಡು ಎಂಬುದನ್ನು ತಮಿಳಿನಲ್ಲೂ ಕನ್ನಡದಲ್ಲೂ ಬರೆದು ಊರ ಮುಂದೆ ಇಡಬೇಕು. ತಲೆಮಾರುಗಳಿಂದ ಆ ಪುಟ್ಟ ಮನೆಗಳಲ್ಲಿ ಬಾಳಿದವರ ಹಕ್ಕುಪತ್ರ ಟೆಂಡರಿಗಿಂತ ಮೊದಲು ಅವರ ಕೈ ಸೇರಬೇಕು.