ಮುರಿದುದೆಲ್ಲವನ್ನೂ ಬೆಸೆಯಬಹುದೇ?



ನಮ್ಮಿಂದ ಏನಾದರೂ ಮುರಿದುಹೋದಾಗ ನಮ್ಮ ಕಣ್ಣು ಮೊದಲು ಎತ್ತ ಹೊರಳುತ್ತದೆ? ಕೈಯಿಂದ ಗಾಜಿನ ಲೋಟ ಜಾರಿದರೆ ನಮ್ಮ ಕಾಲಿಗೆ ಚೂರು ತಗುಲಿತೇ ಎಂದು ನೋಡಿಕೊಳ್ಳುತ್ತೇವೆ. ನಮ್ಮ ಸ್ಕೂಟರು ಇನ್ನೊಬ್ಬರ ಸೈಕಲಿಗೆ ತಾಗಿದರೆ, ನಮ್ಮ ಮಡ್‌ಗಾರ್ಡು ನೆಗ್ಗಿತೇ ಎಂದು ಬಗ್ಗಿ ನೋಡುತ್ತೇವೆ. ಸೈಕಲಿನವನ ಗತಿ ಏನಾಯಿತೆಂಬ ಪ್ರಶ್ನೆ ಹುಟ್ಟುವುದು ಆಮೇಲೆ. ಇದು ಮನುಷ್ಯ ಸಹಜವಾದ ದೌರ್ಬಲ್ಯ. ಆದರೆ ಸಹಜವಾದುದೆಲ್ಲವೂ ಸರಿಯಾದುದೆಂದು ಹೇಳಲಾಗದು. ಈ ವಿಚಾರವನ್ನು ಕೊಂಚ ಆಳವಾಗಿ ಚಿಂತಿಸುವ ಸಲುವಾಗಿ ಈ ತಿಂಗಳು ನಿಮ್ಮನ್ನು ದೂರದ ಕಡಲತೀರವೊಂದಕ್ಕೆ ಕರೆದೊಯ್ಯುತ್ತೇನೆ.

ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದ ನೈಋತ್ಯ ತುದಿಯಲ್ಲಿ ಲೆ ಮಾರ್ನ್ ಎಂಬ ಬಂಡೆಬೆಟ್ಟವಿದೆ. ಒಂದು ಕಾಲದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡವರಿಗೆ ಆಶ್ರಯ ನೀಡಿದ ಈ ಬೆಟ್ಟದ ಪ್ರದೇಶವನ್ನು 2008ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಟ್ಟದ ಬುಡದಲ್ಲಿ ಆಳವಿಲ್ಲದ ಹಸಿರು-ನೀಲಿ ನೀರು, ಅದರ ಹೊರ ಅಂಚಿನಲ್ಲಿ ಕೋಟೆಯ ಗೋಡೆಯಂತೆ ಹವಳದ ದಿಬ್ಬ, ಅದರಾಚೆ ಮಹಾಸಾಗರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ ಇಲ್ಲಿ ಬಲವಾಗಿ ಬೀಸುತ್ತದೆ. ಆಗ ಜಗತ್ತಿನ ನಾನಾ ಭಾಗಗಳಿಂದ ತರುಣ ತರುಣಿಯರು ಕೈಟ್‌ಸರ್ಫಿಂಗ್‌ಗಾಗಿ ಬರುತ್ತಾರೆ. ದೊಡ್ಡ ಗಾಳಿಪಟವೊಂದನ್ನು ನಡುವಿಗೆ ಬಿಗಿದುಕೊಂಡು, ಅದರ ಸೆಳೆತದಿಂದ ಹಲಗೆಯ ಮೇಲೆ ನಿಂತು ಅಲೆಗಳ ಮೇಲೆ ಜಾರುವ ಆಟವಿದು. ಹವಳದ ದಿಬ್ಬಕ್ಕೆ ಬಡಿದು ಏಳುವ ‘ಒನ್ ಐ’ ಎಂಬ ಅಲೆ ಅಲ್ಲಿ ಪ್ರಸಿದ್ಧವಾದುದು, ಅಪಾಯಕಾರಿಯೂ ಹೌದು.

ಅಲೆಯ ಮೇಲೆ ಓಡಿಸುವ ಹಲಗೆಯ ಅಡಿಯಲ್ಲಿ, ಹಿಂಭಾಗದಲ್ಲಿ, ಮೀನಿನ ರೆಕ್ಕೆಯನ್ನು ಹೋಲುವ ಸಣ್ಣ ಫಿನ್‌ಗಳಿರುತ್ತವೆ, ಸಾಮಾನ್ಯವಾಗಿ ಮೂರು. ಅವು ನೀರಿನಲ್ಲಿ ಕಚ್ಚಿ ನಿಲ್ಲುವುದರಿಂದಲೇ ಹಲಗೆ ಗಾಳಿ ಎಳೆದತ್ತ ಅಡ್ಡಡ್ಡ ಜಾರದೆ ಸವಾರ ಬಯಸಿದ ದಿಕ್ಕಿಗೆ ಸಾಗುತ್ತದೆ. ಆದರೆ ಹಲಗೆಯಿಂದ ಎಲ್ಲಕ್ಕಿಂತ ಕೆಳಕ್ಕೆ ಚಾಚಿರುವವೂ ಅವೇ. ಆದ್ದರಿಂದ ಮೊದಲ ಪೆಟ್ಟು ಬೀಳುವುದು ಅವುಗಳಿಗೆ.

ಈಗ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಿ. ಹಲಗೆಯನ್ನು ಅವನು ಅಂಗಡಿಯಿಂದ ಬಾಡಿಗೆಗೆ ತಂದಿದ್ದಾನೆ. ಕಡಲು ಇಳಿಯುತ್ತಿರುವ ಹೊತ್ತು. ನೀರು ಸಾಕಷ್ಟಿದೆ ಎಂದುಕೊಂಡು ದಿಬ್ಬದ ಮೇಲೆಯೇ ಸಾಗುತ್ತಾನೆ. ಪಾದದಡಿ ‘ಟಕ್’ ಎಂಬ ಸದ್ದು. ಮರುಕ್ಷಣವೇ ನೀರಿಗೆ ಬೀಳುತ್ತಾನೆ. ದಡಕ್ಕೆ ಬಂದು ಹಲಗೆಯನ್ನು ಮಗುಚಿ ನೋಡಿದರೆ ಒಂದು ಫಿನ್ ಮುರಿದಿದೆ, ಇನ್ನೊಂದರ ಅಂಚು ಚೂರು ಹಾರಿದೆ, ಫಿನ್ ಕೂರುವ ಗೂಡಿನ ಸುತ್ತ ಕೂದಲೆಳೆಯಂತಹ ಬಿರುಕು ಮೂಡಿದೆ.

ಇದನ್ನು ಸರಿಪಡಿಸಬಹುದು. ಮುರಿದ ಫಿನ್‌ನ ಸಣ್ಣ ತಿರುಪುಗಳನ್ನು ಬಿಚ್ಚಿ ಹೊಸದನ್ನು ಕೂರಿಸಬಹುದು. ಅಂಚು ಹಾರಿದುದನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ನಯಮಾಡಬಹುದು. ಆದರೆ ಬಿರುಕಿನ ಕೆಲಸಕ್ಕೆ ತಾಳ್ಮೆ ಬೇಕು. ಹಲಗೆಯ ಒಡಲಲ್ಲಿರುವುದು ಹಗುರವಾದ ಫೋಮ್. ಬಿರುಕಿನ ಮೂಲಕ ಉಪ್ಪುನೀರು ಅದರೊಳಕ್ಕೆ ಇಳಿದಿರುತ್ತದೆ. ಮೊದಲು ಸಿಹಿನೀರಿನಿಂದ ತೊಳೆದು, ಕೆಲವೊಮ್ಮೆ ದಿನಗಟ್ಟಲೆ, ಒಣಗಲು ಬಿಡಬೇಕು. ಬಳಿಕ ಸಡಿಲವಾದ ಭಾಗವನ್ನೆಲ್ಲ ಕೆರೆದು ತೆಗೆಯಬೇಕು. ಗುಣಪಡಿಸುವ ಮುನ್ನ ಗಾಯವನ್ನು ಇನ್ನಷ್ಟು ತೆರೆಯಲೇಬೇಕು. ಅನಂತರ ಗ್ಲಾಸ್ ಫೈಬರ್ ಬಟ್ಟೆಯನ್ನಿಟ್ಟು ರೆಸಿನ್ ಹಚ್ಚಿ, ಗಟ್ಟಿಯಾದ ಮೇಲೆ ಉಜ್ಜಬೇಕು. ಅಲ್ಲಿಯೂ ವಿವೇಚನೆ ಅಗತ್ಯ: ಪಾಲಿಸ್ಟೈರೀನ್ ಫೋಮ್‌ಗೆ ಪಾಲಿಯೆಸ್ಟರ್ ರೆಸಿನ್ ತಾಗಿದರೆ ಫೋಮ್ ಕರಗಿಹೋಗುತ್ತದೆ, ಅದಕ್ಕೆ ಎಪಾಕ್ಸಿಯೇ ಆಗಬೇಕು. ಆತುರಪಟ್ಟು ಒದ್ದೆಯಲ್ಲೇ ಬಿರುಕನ್ನು ಮುಚ್ಚಿದರೆ ಹೊರಗೆ ಎಲ್ಲವೂ ನಯವಾಗಿ ಕಾಣುತ್ತದೆ; ಒಳಗುಳಿದ ನೀರು ಮಾತ್ರ ಹೊರಪದರವನ್ನು ಒಡಲಿನಿಂದ ಮೆಲ್ಲಮೆಲ್ಲನೆ ಬಿಡಿಸುತ್ತಾ ಹೋಗುತ್ತದೆ.

ನಮ್ಮ ತರುಣನ ಮುಂದೆ ಈಗ ಮೂರು ದಾರಿಗಳಿವೆ. ಮೊದಲನೆಯದು, ಬಿರುಕಿಗೆ ಏನನ್ನೋ ಮೆತ್ತಿ ಮಾತನಾಡದೆ ಹಲಗೆಯನ್ನು ಹಿಂದಿರುಗಿಸುವುದು. ಆಗ ಕಷ್ಟ ತಟ್ಟುವುದು ನಾಳೆ ಅದೇ ಹಲಗೆಯನ್ನು ನಂಬಿ ಕಡಲಿಗಿಳಿಯುವ ಅಪರಿಚಿತನಿಗೆ. ಎರಡನೆಯದು, ಅಂಗಡಿಯವರಿಗೆ ನಿಜ ಹೇಳಿ ನಷ್ಟವನ್ನು ತುಂಬಿಕೊಡುವುದು. ಇದು ಪ್ರಾಮಾಣಿಕರ ದಾರಿ. ನಮ್ಮಲ್ಲಿ ಬಹುಮಂದಿ ಇಲ್ಲಿಗೆ ಬಂದು, ಲೆಕ್ಕ ಚುಕ್ತಾ ಆಯಿತೆಂದು ನೆಮ್ಮದಿಯಿಂದ ನಿದ್ರಿಸುತ್ತೇವೆ. ಆದರೆ ಲೆಕ್ಕ ನಿಜವಾಗಿಯೂ ಚುಕ್ತಾ ಆಯಿತೇ?

ಆ ಸದ್ದು ಎರಡು ವಸ್ತುಗಳ ನಡುವಿನದು. ಫಿನ್ ಮುರಿದಾಗ ನೀರಿನಡಿಯಲ್ಲಿ ಹವಳದ ಒಂದು ಕೊಂಬೆಯೂ ಮುರಿದಿದೆ. ಅದನ್ನು ಮಗುಚಿ ನೋಡಿದವರಿಲ್ಲ. ಹವಳವು ಬರಿಯ ಕಲ್ಲಲ್ಲ. ಸುಣ್ಣದ ಅಸ್ಥಿಯ ಮೇಲೆ ತೆಳುವಾಗಿ ಹರಡಿಕೊಂಡ ಅಸಂಖ್ಯ ಪುಟ್ಟ ಜೀವಿಗಳ ಸಮುದಾಯ ಅದು. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಮುಳುಗಿ ನೋಡಿದವರು ಇದನ್ನು ಬಲ್ಲರು. ಉಂಡೆಯಾಗಿ ಬೆಳೆಯುವ ಹವಳಗಳು ವರ್ಷಕ್ಕೆ ಹೆಚ್ಚೆಂದರೆ ಸುಮಾರು 2 ಸೆಂಟಿಮೀಟರ್ ಬೆಳೆಯುತ್ತವೆ. ಹಲವು ಅಷ್ಟೂ ಬೆಳೆಯವು. ಕೊಂಬೆಯೊಡೆಯುವ ಜಾತಿಗಳು ಬೇಗ ಬೆಳೆಯುವುದುಂಟು; ಆದರೂ ವರ್ಷಕ್ಕೆ 10 ಸೆಂಟಿಮೀಟರ್ ಎಂದರೆ ಬಹಳವಾಯಿತು. ಫಿನ್ ಬದಲಾಯಿಸಲು ಬೇಕಾದುದು ಕೆಲವೇ ನಿಮಿಷ. ಹವಳಕ್ಕೆ ಬೇಕಾದುದು ವರ್ಷಗಳು. ಆ ವರ್ಷಗಳನ್ನು ಕೊಂಡು ತರುವ ಅಂಗಡಿ ಎಲ್ಲಿಯೂ ಇಲ್ಲ.

ಪ್ರಿಯರೇ, ನಮ್ಮ ಮನೆಗಳಲ್ಲಿಯೂ ಇಂತಹ ಸದ್ದುಗಳು ಕೇಳಿಬರುವುದಿಲ್ಲವೇ? ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ಮಗನನ್ನು ತಂದೆ ನೆಂಟರಿಷ್ಟರ ಮುಂದೆ ಹೀನಾಯವಾಗಿ ಬೈಯುತ್ತಾರೆ. ಸಂಜೆಗೆ ಮನಸ್ಸು ಕಸಿವಿಸಿಯಾಗುತ್ತದೆ. ಮರುದಿನ ಹೊಸ ಅಂಗಿಯೊಂದು ಬರುತ್ತದೆ. ಹುಡುಗ ಅದನ್ನು ತೊಟ್ಟುಕೊಳ್ಳುತ್ತಾನೆ, ನಗುತ್ತಾನೆ. ತಂದೆ ಎಲ್ಲವೂ ಸರಿಹೋಯಿತೆಂದು ತಿಳಿಯುತ್ತಾರೆ. ಸರಿಹೋದದ್ದು ತಂದೆಯ ಕಸಿವಿಸಿ. ಅವರು ಬದಲಾಯಿಸಿದ್ದು ತಮ್ಮ ಫಿನ್ ಅನ್ನು. ಹುಡುಗನೊಳಗೆ ಮುರಿದುದು ನೀರಿನಡಿಯಲ್ಲಿ ಹಾಗೆಯೇ ಇದೆ. ಆಸ್ತಿ ಹಂಚಿಕೆಯ ದಿನ ಅಣ್ಣ ತಮ್ಮಂದಿರು ಆಡಿದ ಮಾತುಗಳೂ, ವೃದ್ಧ ತಾಯಿಗೆ ಸೊಸೆಯ ಎದುರಲ್ಲಿ ಮಗ ತೋರಿದ ತಾತ್ಸಾರವೂ ಇದೇ ಬಗೆಯವು.

ಹಾಗಾದರೆ ಹಿಂದಿರುಗಿಸಲಾಗದ್ದನ್ನು ಮುರಿದವನ ಕರ್ತವ್ಯವೇನು? 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ತಮ್ಮ ‘ಸುಮ್ಮಾ ಥಿಯೊಲಾಜಿಯೆ’ ಗ್ರಂಥದಲ್ಲಿ ನಷ್ಟಭರ್ತಿಯ ಕುರಿತು ವಿವೇಚಿಸುವಾಗ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಒಬ್ಬನು ಇನ್ನೊಬ್ಬನ ಅಂಗವನ್ನೇ ಊನಗೊಳಿಸಿದರೆ ಅದನ್ನು ಮರಳಿ ಕೊಡುವುದು ಹೇಗೆ? ಸಮಾನವಾದುದನ್ನು ಕೊಡಲಾಗದಿದ್ದರೂ ಸಾಧ್ಯವಾದುದನ್ನು ಕೊಡಲೇಬೇಕು, ಹಣದಿಂದಾದರೂ ಸರಿ, ಗೌರವದಿಂದಾದರೂ ಸರಿ ಎಂಬುದು ಅವರ ನಿಲುವು. ಈ ಮಾತಿನಲ್ಲಿ ಎರಡು ಸತ್ಯಗಳಿವೆ. ಪೂರ್ತಿ ತೀರಿಸಲಾಗದು ಎಂಬುದು ಕೈಚೆಲ್ಲಿ ಕುಳಿತುಕೊಳ್ಳಲು ನೆಪವಾಗಬಾರದು. ಅಂತೆಯೇ, ಸ್ವಲ್ಪ ತೀರಿಸಿದೆ ಎಂಬುದು ಪೂರ್ತಿ ತೀರಿತೆಂಬ ಭ್ರಮೆಯನ್ನೂ ಹುಟ್ಟಿಸಬಾರದು.

ನಮ್ಮ ತರುಣನ ಮೂರನೆಯ ದಾರಿ ಇಲ್ಲಿ ತೆರೆಯುತ್ತದೆ. ಅವನು ಅಂಗಡಿಯವರಿಗೆ ನಿಜ ಹೇಳುತ್ತಾನೆ, ಹಣ ಕೊಡುತ್ತಾನೆ. ಬಳಿಕ ಕಡಲ ಏರಿಳಿತದ ಹೊತ್ತನ್ನು ಕೇಳಿ ತಿಳಿದುಕೊಳ್ಳುತ್ತಾನೆ. ಆಳವಿರುವ ಹಾದಿ ಯಾವುದೆಂದು ಸ್ಥಳೀಯರಿಂದ ಅರಿಯುತ್ತಾನೆ. ನೀರಿಗೆ ಬಿದ್ದಾಗ ಹವಳದ ಮೇಲೆ ಕಾಲೂರಿ ನಿಲ್ಲದಿರಲು ಕಲಿಯುತ್ತಾನೆ. ಮರುದಿನ ಬರುವ ಹೊಸಬನಿಗೆ, ನಾಚಿಕೆಯನ್ನು ಬದಿಗಿಟ್ಟು, ತಾನು ಎಡವಿದ ತಾಣವನ್ನು ತೋರಿಸುತ್ತಾನೆ. ಮುರಿದ ಕೊಂಬೆಗೆ ಇದರಿಂದ ಏನೂ ಮರಳಿ ಬರುವುದಿಲ್ಲ. ಅದರ ಪಕ್ಕದ ಕೊಂಬೆ ಉಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ಬಿಚ್ಚಿ ಜೋಡಿಸಬಹುದಾದ ಕೆಲವು ಬಗೆಯ ಫಿನ್‌ಗಳನ್ನು ತಯಾರಿಸುವವರು ಅವುಗಳ ಬುಡವನ್ನು, ಪೆಟ್ಟು ಬಿದ್ದಾಗ ತಾನೇ ಮೊದಲು ಮುರಿಯುವಂತೆ ರೂಪಿಸಿರುತ್ತಾರೆ. ಫಿನ್ ಹಟಹಿಡಿದು ನಿಂತರೆ ಹಲಗೆಯ ಒಡಲೇ ಸೀಳಿಹೋದೀತು. ಮನೆಯಲ್ಲಿ ಘರ್ಷಣೆಯಾದಾಗ ಮೊದಲು ಮುರಿಯಬೇಕಾದುದು ಯಾವುದು? ನಮ್ಮ ಒಣ ಪ್ರತಿಷ್ಠೆಯಲ್ಲವೇ? ಅದು ಸಕಾಲದಲ್ಲಿ ಮುರಿದರೆ ಸಂಬಂಧ ಉಳಿದೀತು.

ಇಂದು ರಾತ್ರಿ ದೀಪವಾರಿಸುವ ಮುನ್ನ ನಿಮ್ಮ ಆತ್ಮಸಾಕ್ಷಿಯನ್ನು ಕೇಳಿಕೊಳ್ಳಿ: ನಾನು ಸರಿಪಡಿಸಿದೆನೆಂದು ತಿಳಿದಿರುವುದರಲ್ಲಿ ನನ್ನ ಫಿನ್ ಎಷ್ಟು, ಇನ್ನೊಬ್ಬರ ಹವಳ ಎಷ್ಟು? ಉತ್ತರವಾಗಿ ಯಾರದಾದರೂ ಮುಖ ನೆನಪಿಗೆ ಬಂದರೆ, ನಾಳೆ ಬೆಳಿಗ್ಗೆ ಅವರ ಬಳಿಗೆ ಹೋಗಿ. ಉಡುಗೊರೆ ಬೇಡ. ಮೊದಲು ಸತ್ಯವನ್ನು ಹೇಳಿ. ಬಳಿಕ ಬೆಳೆಯಲು ಅವರಿಗೆ ಬೇಕಾದಷ್ಟು ಕಾಲವನ್ನು ಕೊಡಿ.